ಬಾಗಿಲೊಳಗೆ ನೀರು ಬರಲಿ, ಕಾಲಡಿಗೆ ಬರಬಾರದು ಅಷ್ಟೇ

ಜುಲೈನಲ್ಲಿ ಮೂರು ದಿನ ಬಿಡದೆ ಹೊಡೆದ ಮಳೆ. ಬಾಗಿಲಿಂದ ನೀರು ಸೋರುತ್ತಿದ್ದ ನಮ್ಮ ಕಾರು ಅಂಗಳದಲ್ಲೇ ನಿಂತಿತ್ತು, ಮೇಲೆ ಸೂರಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿ, ಅಡಿಗೆ ಹಾಸಿದ್ದ ಪೇಪರ್ ತೆಗೆದು ಹೆಂಡತಿಯ ತಮ್ಮನ ಕೈಗೆ ಕೊಟ್ಟೆ. "ಓದೋ" ಅಂದೆ. ಪೇಪರ್ ಗರಿಗರಿಯಾಗಿತ್ತು. ಆಸಾಮಿ ನಿಜಕ್ಕೂ ಓದಿದ, ಅಡಿಕೆ ಧಾರಣೆ. "ಸುಮ್ನೆ ಬಾಗಿಲೇ ಬದಲಿಸಿ ಭಾವ, ಇದೆಲ್ಲ ಮನೇಲಿ ಆಗೋ ಕೆಲಸ ಅಲ್ಲ" ಅಂತ ಎರಡು ವರ್ಷದಿಂದ ಹೇಳುತ್ತಿದ್ದವನು ಇವನೇ.

ನಮ್ಮದು ಹೊಸನಗರದ ಕಡೆ. ಮಳೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಕಾರು 2007ರದು, ಕೈಯಲ್ಲಿ ತಿರುಗಿಸುವ ಗ್ಲಾಸು. ತೊಂದರೆ ಶುರುವಾಗಿದ್ದು ಡ್ರೈವರ್ ಬಾಗಿಲೊಳಗೆ ಗ್ಲಾಸನ್ನು ಏರಿಸಿ ಇಳಿಸುವ ಮಷಿನ್ ಬದಲಿಸಿದ ಮೇಲೆ. ಮಷಿನ್‌ಗೆ 1,400, ಕೂಲಿ 500 ಅಂತ ನೆನಪು. ಅವತ್ತಿನಿಂದ ಗ್ಲಾಸು ಕುಡಿದವನ ಹಾಗೆ ಮುಂದಕ್ಕೆ ವಾಲಿಕೊಂಡೇ ಮೇಲೆ ಹೋಗುತ್ತಿತ್ತು. ಮುಂದಿನ ಮೂಲೆ ಗ್ಲಾಸು ಜಾರುವ ಚಾನೆಲ್‌ಗೆ ತಾಗಿ ನಿಲ್ಲುತ್ತಿತ್ತು, ಹಿಂದಿನ ಮೂಲೆಯಲ್ಲಿ ಎರಡು ಬೆಂಕಿಕಡ್ಡಿ ಒಟ್ಟಿಗೆ ತೂರುವಷ್ಟು ಸಂದು. 60ರ ಸ್ಪೀಡ್ ದಾಟಿದರೆ ಸೀಟಿ. ಮಳೆ ಬಂದರೆ ಬಲ ತೊಡೆ ಒದ್ದೆ, ಆಮೇಲೆ ಕಾಲಡಿ ಒದ್ದೆ. ತೊಡೆ ಒದ್ದೆಯಾಗುವುದೂ ಕಾಲಡಿ ಒದ್ದೆಯಾಗುವುದೂ ಒಂದೇ ರೋಗ ಅಂದುಕೊಂಡಿದ್ದೇ ನನ್ನ ದೊಡ್ಡ ತಪ್ಪು. ಅವು ಎರಡು ಬೇರೆ ಬೇರೆ. ಇದು ತಿಳಿಯುವ ಹೊತ್ತಿಗೆ ಜೇಬು ಹಗುರವಾಗಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. 180 ರೂಪಾಯಿಗೆ ಒಂದು ಸಿಲಿಕಾನ್ ಟ್ಯೂಬ್ ತಂದು ಸಂದು ಕಂಡಲ್ಲೆಲ್ಲ ಹಚ್ಚಿದೆ. ಬಾಗಿಲ ಅಡಿ ಅಂಚಿನ ಮಡಿಕೆಗೂ ಉದ್ದಕ್ಕೆ ಎಳೆದೆ, ಕೇಕಿಗೆ ಕ್ರೀಮ್ ಎಳೆದ ಹಾಗೆ ಚಂದ ಕಾಣುತ್ತಿತ್ತು. ಮುಂದಿನ ಮಳೆಗೆ ನೀರು ಕಡಿಮೆ ಆಗುವ ಬದಲು ಜಾಸ್ತಿ ಆಯಿತು. ಆ ಹುಳಿ ವಾಸನೆಯ ಸಿಲಿಕಾನ್ ಕಬ್ಬಿಣಕ್ಕೂ ಒಳ್ಳೆಯದಲ್ಲ. ಹಚ್ಚಿದ ಕಡೆ ಪೇಂಟ್ ಎದ್ದು ತುಕ್ಕಿನ ಗೆರೆ ಮೂಡಿತು. ಅದನ್ನು ಕೆರೆದು ತೆಗೆಯಲು ಹೋದದ್ದು ಒಂದು ಇಡೀ ಭಾನುವಾರ.

ಎರಡನೇ ಪ್ರಯತ್ನ, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಿಂದ ಬಾಗಿಲ ಸುತ್ತ ಹಾಕುವ ದಪ್ಪನೆಯ ರಬ್ಬರ್ ಬೀಡಿಂಗ್ ತಂದೆ, 650. ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ನನ್ನ ಲೆಕ್ಕ. ಹಾಕಿದ ಮೇಲೆ ಬಾಗಿಲು ಮುಚ್ಚಬೇಕಾದರೆ ಜಗಳವಾಡಿ ಬಂದವರ ಹಾಗೆ ಬಡಿಯಬೇಕು. ಬಡಿದು ಬಡಿದು ಗ್ಲಾಸು ಇನ್ನಷ್ಟು ವಾಲಿತು. ಹದಿನೈದು ದಿನಕ್ಕೆ ಕಿತ್ತು ಹಾಕಿದೆ. ಆಮೇಲೆ ಒಂದು ಗ್ಯಾರೇಜು. ಹುಡುಗ ಬಾಗಿಲ ಫ್ರೇಮಿಗೆ ಮೊಣಕಾಲು ಕೊಟ್ಟು ಎರಡು ಸಲ ಎಳೆದ, 600 ತಗೊಂಡ. ಹಿಂದಿನ ಮೂಲೆಯಲ್ಲಿದ್ದ ಸೀಟಿ ಮೇಲಕ್ಕೆ ಹೋಯಿತು ಅಷ್ಟೇ. ಕೊನೆಗೆ ದೊಡ್ಡ ವರ್ಕ್‌ಶಾಪಿನಲ್ಲಿ ಕೇಳಿದರೆ 9,000 ಚಿಲ್ಲರೆ ಎಸ್ಟಿಮೇಟು. ಆ ಕಾರನ್ನು ಈಗ ಮಾರಿದರೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿ ಸುಮ್ಮನೆ ಮನೆಗೆ ಬಂದೆ.

ಮೇ ಕೊನೆಗೆ ತೋಟಕ್ಕೆ ಬೋರ್ಡೋ, ಅಂದರೆ ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯುವ ತಯಾರಿ ನಡೆದಿತ್ತು. ಪಂಪು ಹೊರಗಿತ್ತು. ಬರೀ ನೀರು ತುಂಬಿ ಬಾಗಿಲಿಗೆ ಹೊಡೆದು ನೋಡೋಣ ಅನ್ನಿಸಿತು. ಹೊಡೆದೆ. ಎಲ್ಲ ಕಡೆಯಿಂದಲೂ ನೀರು! ಸರಿಯಿದ್ದ ಎಡ ಬಾಗಿಲಿಂದಲೂ. ಅಡಿಕೆ ಮರದ ಕೊನೆ ಮುಟ್ಟುವ ಪ್ರೆಶರ್ ಅದು, ಕಾರಿನ ರಬ್ಬರ್ ತಡೆಯುತ್ತದಾ? ಆ ಪರೀಕ್ಷೆಗೆ ಅರ್ಥವೇ ಇಲ್ಲ. ನೀವು ಸರ್ವೀಸ್ ಸ್ಟೇಷನ್ನಿನ ವಾಟರ್ ಗನ್ನಿನಲ್ಲಿ ಹೊಡೆಸಿ ನೋಡಿದ್ದರೆ ಅದನ್ನೂ ಮರೆತುಬಿಡಿ.

ಕೊನೆಗೆ ದಾರಿ ತೋರಿಸಿದ್ದು ಚೊಂಬು. ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಮೈಯ ಹೊದಿಕೆ, ಬಿಚ್ಚಿದೆ. ಗ್ಲಾಸ್ ತಿರುಗಿಸುವ ಹ್ಯಾಂಡಲಿನ ಲಾಕ್ ತೆಗೆಯಲು ಹಳೇ ಬನಿಯನ್ ಪಟ್ಟಿ ಹಿಂದೆ ತೂರಿಸಿ ಎಡಕ್ಕೂ ಬಲಕ್ಕೂ ಎಳೆದರೆ ಸಾಕು, ಲಾಕ್ ಹಾರುತ್ತದೆ. ಎಲ್ಲಿಗೆ ಹಾರಿತು ಅಂತ ನೋಡಿಕೊಳ್ಳಿ, ನಾನು ಅರ್ಧ ಗಂಟೆ ಹುಡುಕಿದೆ. ಮಗಳು ಒಳಗೆ ಟಾರ್ಚ್ ಹಿಡಿದು ಕೂತಳು. ನಾನು ಹೊರಗಿಂದ ಗ್ಲಾಸಿನ ಮೇಲೆ ನಿಧಾನವಾಗಿ ನೀರು ಬಿಟ್ಟೆ. "ಅಪ್ಪಾ, ಬಾಗಿಲ ಒಳಗೇ ಬರ್ತಾ ಇದೆ!" ಅಂದಳು. ಎಡ ಬಾಗಿಲ ಪ್ಯಾಡನ್ನೂ ಬಿಚ್ಚಿ ಹಾಗೇ ಮಾಡಿದೆ. ಅಲ್ಲೂ ಬಂತು. ಆದರೆ ಎಡಗಡೆ ಬಂದ ನೀರು ಅಡಿಯ ತೂತುಗಳಿಂದ ಹೊರಗೆ ಹೋಯಿತು. ಬಲಗಡೆ ಬಂದ ನೀರು ಎಲ್ಲೂ ಹೋಗಲಿಲ್ಲ.

ಗ್ಲಾಸು ಇಳಿಯುವ ಸಂದಿನಿಂದ ಬಾಗಿಲೊಳಗೆ ನೀರು ಬಂದೇ ಬರುತ್ತದೆ. ಹೊರಗಿನ ರಬ್ಬರ್ ಪಟ್ಟಿ ಪೂರ್ತಿ ತಡೆಯುವುದಿಲ್ಲ. ಅದಕ್ಕೇ ಬಾಗಿಲ ಅಡಿಯಲ್ಲಿ ತೂತುಗಳಿರುವುದು. ನಾನು ಚಂದ ಮಾಡಿ ಸಿಲಿಕಾನ್ ಎಳೆದಿದ್ದು ಆ ತೂತುಗಳ ಮೇಲೆಯೇ! ಹೊರಗಿನದನ್ನು ಆಗಲೇ ಕೆರೆದಿದ್ದೆ, ಆದರೆ ತೂತಿನೊಳಗೆ ನುಗ್ಗಿದ್ದು ಹಾಗೇ ಗಟ್ಟಿಯಾಗಿ ಕೂತಿತ್ತು. ಹಿಡಿಕಡ್ಡಿ ಹಾಕಿ ಚುಚ್ಚಿದೆ. ಮೊದಲು ಕೆಸರು, ಆಮೇಲೆ ಕೊಳೆತ ಎಲೆ, ಆಮೇಲೆ ಚಹಾ ಬಣ್ಣದ ನೀರು ಸುರ್ರನೆ ಸುರಿಯಿತು. ಕೆಳಗಿಟ್ಟ ಬೇಸಿನ್ನಿನಲ್ಲಿ ಒಂದೂವರೆ ಲೀಟರ್ ಆದರೂ ಇತ್ತು. ಅಷ್ಟು ದಿನ ಅದನ್ನು ಬಾಗಿಲೊಳಗೆ ಹೊತ್ತುಕೊಂಡು ತಿರುಗಿದ್ದೆ.

ಇನ್ನೊಂದು ಕಳ್ಳ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ. ಮಷಿನ್ ಬದಲಿಸಿದವರು ಅದನ್ನು ಅರ್ಧ ಹರಿದು ಹಾಗೇ ಬಿಟ್ಟಿದ್ದರು. ಸ್ಪೀಕರ್ ಹಾಕಿಸಿದ್ದರೆ, ಸೆಂಟ್ರಲ್ ಲಾಕ್ ಹಾಕಿಸಿದ್ದರೆ ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಧೂಳಿಗೆ ಹಾಕಿದ ಹಾಳೆ ಅಂತ ತುಂಬಾ ಜನ ಎಸೆದೇಬಿಡುತ್ತಾರೆ. ಬಾಗಿಲೊಳಗೆ ಹಾರುವ ನೀರು ಕಾರಿನೊಳಗೆ ಬರದ ಹಾಗೆ ತಡೆಯುವುದು ಅದೊಂದೇ.

ಹಾಳೆ ಆಮೇಲೆ, ಮೊದಲು ಗ್ಲಾಸು. 10 ನಂಬರ್ ಸ್ಪ್ಯಾನರ್, ಮಾರ್ಕರ್ ಪೆನ್ನು. ನನ್ನ ಕಾರಿನ ಮಷಿನ್ ಕತ್ತರಿ ತೋಳಿನದು. ಒಂದು ತೋಳು ಓಡಾಡುವ ಸಣ್ಣ ಪಟ್ಟಿಯನ್ನು ಬಾಗಿಲ ತಗಡಿಗೆ ಎರಡು ಬೋಲ್ಟಿನಲ್ಲಿ ಕೂರಿಸಿರುತ್ತಾರೆ. ಆ ಬೋಲ್ಟಿನ ತೂತು ಉದ್ದುದ್ದಕ್ಕೆ ಇರುತ್ತದೆ. ಗ್ಲಾಸಿನ ವಾಲುವಿಕೆಯ ಕೀಲಿ ಅಲ್ಲೇ. ಹಳೇ ಜಾಗಕ್ಕೆ ಮಾರ್ಕರ್ ಗೆರೆ ಹಾಕಿಕೊಂಡು ಎರಡೂ ಬೋಲ್ಟ್ ಸಡಿಲ ಮಾಡಿದೆ. ಹಿಂದಿನ ಚಾನೆಲ್ ಅಡಿಯ ಬೋಲ್ಟನ್ನೂ ಸಡಿಲ ಮಾಡಿದೆ. ಗ್ಲಾಸನ್ನು ಪೂರ್ತಿ ಮೇಲಕ್ಕೆ ಏರಿಸಿ, ಎರಡೂ ಅಂಗೈಯಲ್ಲಿ ಒತ್ತಿ ಹಿಂದಿನ ಮೂಲೆಯನ್ನು ಚಾನೆಲ್ ಒಳಗೆ ಕೂರಿಸಿದೆ. ಬಿಗಿಯುವುದು ಮೇಲಿದ್ದಾಗಲೇ. ಮೊದಲ ಸಲ ಕೆಳಗಿಳಿಸಿ ಬಿಗಿದು ಮತ್ತೆ ವಾಲಿಸಿಕೊಂಡಿದ್ದೆ. ಗೆರೆಯಿಂದ ಪಟ್ಟಿ ಸರಿದಿದ್ದು ಎಷ್ಟು ಅಂತೀರಿ? 4 ಮಿಲಿಮೀಟರ್ ಇದ್ದರೆ ಹೆಚ್ಚು. ಅಷ್ಟಕ್ಕೆ ಎರಡು ವರ್ಷ!

ಒತ್ತಿ ಹಿಡಿದುಕೊಂಡೇ ಒಬ್ಬನೇ ಬೋಲ್ಟ್ ಬಿಗಿಯುವುದು ಹೇಗೆ ಅಂತ ಕೇಳಬಹುದು. ಅಡುಗೆಮನೆಯ ಒಂದು ಸಾಮಾನು ಬಳಸಿದೆ. ಯಾವುದು ಅಂತ ಹೇಳಲ್ಲ, ಹೆಂಡತಿ ಇದನ್ನು ಓದುತ್ತಾಳೆ. ಹಾಗೇ ಚಾನೆಲ್ ರಬ್ಬರಿನ ಹಿಂದಿನ ಮೂಲೆ ಸೀಳು ಬಿಟ್ಟಿತ್ತು, ಅದಕ್ಕೆ ತುಂಬಿದ್ದು ಏನು ಅಂತಲೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸಿಲಿಕಾನ್ ಅಂತೂ ಅಲ್ಲ.

ಎಲ್ಲಿ ತಾಗುತ್ತಿದೆ ಅಂತ ನೋಡಲು ರಬ್ಬರಿಗೆ ಮುಖದ ಪೌಡರ್ ಹಚ್ಚಿ ಗ್ಲಾಸ್ ಏರಿಸಿ ಇಳಿಸಿದೆ. ಬಿಳಿ ಗೆರೆ ಗ್ಲಾಸಿನ ಮೇಲೆ ಎಲ್ಲೂ ತುಂಡಾಗದೆ ಬಂದರೆ ಸರಿ. ರಂಗೋಲಿ ಪುಡಿ ಬೇಡ, ಗ್ಲಾಸು ಗೀಚುತ್ತದೆ. ಆಮೇಲೆ 10 ರೂಪಾಯಿ ನೋಟು ಸಿಕ್ಕಿಸಿ ಎಳೆದೆ. ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು. ಮೇಲಿನ ಮಧ್ಯದಲ್ಲಿ ಸ್ವಲ್ಪ ಸಡಿಲ ಬಂತು, ಆ ಮೊಣಕಾಲಿನ ಕೃಪೆ. ಅದನ್ನು ಹಾಗೇ ಬಿಟ್ಟೆ.

ಹಾಳೆಗೆ ಅಂಗಡಿ ಸುತ್ತಲಿಲ್ಲ. ಅಡಿಕೆ ಒಣಗಿಸುವ ಮನೆಗೆ ಹೊದಿಸಿ ಉಳಿದಿದ್ದ 200 ಮೈಕ್ರಾನ್ ಶೀಟಿತ್ತು. ಹಳೇ ಹಾಳೆಯನ್ನು ಮೇಲಿಟ್ಟು ಅಳತೆಗೆ ಕತ್ತರಿಸಿದೆ. ಅಂಟಿಗೆ ಬ್ಯುಟೈಲ್ ಟೇಪ್, ಆ ಕಪ್ಪು ಹಗ್ಗದ ಹಾಗಿರುವುದು. ಫೆವಿಕಾಲ್, ಡಬಲ್ ಟೇಪ್ ಯಾವುದೂ ಮಳೆಗಾಲ ದಾಟುವುದಿಲ್ಲ, ಎರಡನ್ನೂ ಹಾಕಿ ನೋಡಿದ್ದೇನೆ. ಹಾಳೆಯ ಅಡಿ ಅಂಚು ಬಾಗಿಲ ತಗಡಿನ ಸಂದಿನೊಳಗೆ ಹೋಗಬೇಕು, ಹೊರಗೆ ಇಳಿಬಿಡಬಾರದು. ಹೆಂಚು ಹೊದಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮೇಲಿನ ಹೆಂಚಿನ ನೀರು ಕೆಳಗಿನ ಹೆಂಚಿನ ಮೇಲೆ ಬೀಳಬೇಕು, ಒಳಗಲ್ಲ. ನನ್ನ ಕಾಲಡಿಯ ನೀರು ನಿಂತಿದ್ದು ಈ ಒಂದು ಮಡಿಕೆಯಿಂದ.

ನಡುವೆ ಮಾಡಿದ ಕಿತಾಪತಿಗಳೂ ಇವೆ. ರಬ್ಬರ್ ಮೆತ್ತಗಾಗಲಿ ಅಂತ ತೆಂಗಿನೆಣ್ಣೆ ಸವರಿದ್ದೆ. ರಬ್ಬರ್ ಉಬ್ಬಿತು, ಧೂಳು ಹಿಡಿಯಿತು, ಮೂರನೇ ದಿನ ಇರುವೆ ಸಾಲು. ಈಗ ಸಿಲಿಕಾನ್ ಸ್ಪ್ರೇ ಮಾತ್ರ. ಕಾರಿನೊಳಗಿನ ಥಂಡಿ ಹೀರಲಿ ಅಂತ ಬೋರ್ಡೋಗೆ ತಂದ ಹರಳು ಸುಣ್ಣವನ್ನು ಡಬ್ಬಿಯಲ್ಲಿ ಹಾಕಿ ಸೀಟಿನಡಿ ಇಟ್ಟೆ. ಹೀರಿತು, ನಿಜ. ಹೀರಿ ಅರಳಿ ಉಬ್ಬಿ ಡಬ್ಬಿ ಮೀರಿ ಕಾರ್ಪೆಟ್ ತುಂಬಾ ಬಿಳಿ ಪುಡಿ. ನೀರು ಬಿದ್ದರೆ ಕಾದು ಸುಡುವ ವಸ್ತು ಅದು, ಯಾರೂ ಇಡಬೇಡಿ. ಆ ಕಾರ್ಪೆಟ್ ತೊಳೆದು ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಎರಡು ದಿನಕ್ಕೆ ಚೆನ್ನಾಗಿ ಒಣಗಿತು. ಈಗ ಕಾರು ಹತ್ತಿದವರೆಲ್ಲ "ಏನ್ರೀ, ಹೊಗೆ ವಾಸನೆ?" ಅಂತಾರೆ.

ಸರಿಹೋದ ಕೆಲಸಕ್ಕೆ ಆದ ಖರ್ಚು: ಟೇಪ್ 280, ಪ್ಯಾಡಿನ ಕ್ಲಿಪ್ ಹನ್ನೆರಡು ಸೇರಿ 120, ಸ್ಪ್ರೇ 350ರ ಆಸುಪಾಸು. ಅಂದರೆ 750. ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ, ಹಳೇವು ಅರ್ಧಕ್ಕರ್ಧ ಮುರಿಯುತ್ತವೆ. ಅದಕ್ಕೂ ಮುಂಚೆ ಹಾಳು ಮಾಡಿದ್ದು ಮೂರೂವರೆ ಸಾವಿರದ ಹತ್ತಿರ ಹತ್ತಿರ. ಆ ಲೆಕ್ಕ ಮನೆಯಲ್ಲಿ ಯಾರೂ ಕೇಳಿಲ್ಲ.

ಪೇಪರ್ ಪರೀಕ್ಷೆ ಆದ ಮೇಲೆ ಅದೇ ಮಳೆಯಲ್ಲಿ ಬಾಳೆಬರೆ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿ ಬಂದೆ. ಸೀಟಿ ಪೂರ್ತಿ ಹೋಗಿಲ್ಲ, 80ರ ಮೇಲೆ ಸಣ್ಣಗೆ ಕೇಳುತ್ತದೆ. ನಮ್ಮ ರಸ್ತೆಯಲ್ಲಿ 80 ಹೋಗುವವರು ಯಾರು ಬಿಡಿ. ತೊಡೆ ಒಣಗಿತ್ತು, ಕಾಲಡಿ ಒಣಗಿತ್ತು. ಹೆಂಡತಿಯ ತಮ್ಮನೂ ಹಿಂದಿನ ಸೀಟಿನಲ್ಲಿದ್ದ. ವಾಪಸ್ ಬರುವಾಗ ತಿರುವಿನಲ್ಲಿ "ಭಾವ, ಸ್ವಲ್ಪ ನಿಧಾನ" ಅಂದ. ನಿಧಾನ ಮಾಡಿದೆ. ಎಡಗಡೆಯ ಹಿಂದಿನ ಬಾಗಿಲಿಂದ ಗುಳುಗುಳು ಅಂತ ಸದ್ದು ಬರುತ್ತಿತ್ತು.