ಒಣಕಣ್ಣು: ಹನಿಗಿಂತ ಮೊದಲು ರೆಪ್ಪೆಗೆ ಶಾಖ

ಒಣಕಣ್ಣು ಅಂದರೆ ಕಣ್ಣೀರೇ ಬರುವುದಿಲ್ಲ ಅಂತಲ್ಲ. ಮರಳು ಬಿದ್ದ ಹಾಗೆ ಉರಿ, ಗಾಳಿಗೆ ಹೋದರೆ ನೀರು ಸುರಿಯುವುದು, ನನಗೆ ಎರಡೂ ಇವೆ. ಕಣ್ಣೀರಿನ ಮೇಲೆ ತೆಳುವಾಗಿ ಒಂದು ಎಣ್ಣೆಯ ಪದರ ಇರುತ್ತದೆ. ಅದು ಕೆಟ್ಟರೆ ನೀರು ಬೇಗ ಆರಿಹೋಗುತ್ತದೆ, ಕೆರಳಿದ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಕಣ್ಣೀರು ಅಳೆಯಲು ಕೆಳರೆಪ್ಪೆಯೊಳಗೆ ಸಿಕ್ಕಿಸುವ ಕಾಗದದ ಶಿರ್ಮರ್ ಪಟ್ಟಿ 5 ನಿಮಿಷದಲ್ಲಿ 10 ಮಿ.ಮೀ.ಗಿಂತ ಹೆಚ್ಚು ಒದ್ದೆಯಾಗಿ, ಬಣ್ಣ ಹಾಕಿ ನೋಡಿದಾಗ ಕಣ್ಣೀರಿನ ಪದರ 10 ಸೆಕೆಂಡಿಗೆ ಮೊದಲೇ ಒಡೆದರೆ, ಸಾಮಾನ್ಯವಾಗಿ ಕೊರತೆ ಇರುವುದು ಎಣ್ಣೆಯಲ್ಲಿ. ನನ್ನದು ಇದೇ ಬಗೆ.

ಈ ಎಣ್ಣೆ ಬರುವುದು ರೆಪ್ಪೆಯೊಳಗಿನ ಮೈಬೋಮಿಯನ್ ಗ್ರಂಥಿಗಳಿಂದ. ಅದು ಗಟ್ಟಿಯಾಗಿ ಬಾಯಿ ಕಟ್ಟಿಕೊಂಡಾಗ ಕರಗಿಸಲು ರೆಪ್ಪೆಗೆ ಸುಮಾರು 40 ಡಿಗ್ರಿ ಬಿಸಿ ಬೇಕು, ಅದೂ 8–10 ನಿಮಿಷ ಒಂದೇ ಸಮನೆ. ಹೆಚ್ಚಿನವರು ಎಡವುವುದು ಇಲ್ಲೇ. ಒದ್ದೆ ಬಟ್ಟೆ ಎರಡೇ ನಿಮಿಷದಲ್ಲಿ ಆರುತ್ತದೆ, ಆಮೇಲೆ ಇಟ್ಟುಕೊಂಡಿದ್ದು ತಣ್ಣನೆ ಬಟ್ಟೆ. ಹಾಗಾಗಿ ನಾನು ಫ್ಲಾಸ್ಕಿನಲ್ಲಿ ಬಿಸಿನೀರು, ಎರಡು ಹತ್ತಿ ಬಟ್ಟೆ ಇಟ್ಟುಕೊಳ್ಳುತ್ತೇನೆ. ಒಂದು ಕಣ್ಣ ಮೇಲಿರುವಾಗ ಇನ್ನೊಂದು ನೀರಲ್ಲಿ. ಎರಡು ನಿಮಿಷಕ್ಕೊಮ್ಮೆ ಬದಲು. ಪ್ರತಿ ಸಲವೂ ಮಣಿಕಟ್ಟಿನ ಒಳಮೈಗೆ ಮುಟ್ಟಿಸಿ ನೋಡಬೇಕು, ಅಲ್ಲಿ ಚುರುಕ್ಕೆಂದರೆ ರೆಪ್ಪೆಗೂ ಹೆಚ್ಚೇ. ಕಣ್ಣುಗುಡ್ಡೆಯನ್ನು ಒತ್ತಬಾರದು. ಎದ್ದ ಮೇಲೆ ಸ್ವಲ್ಪ ಹೊತ್ತು ಮಂಜಾಗುತ್ತದೆ, ಹೆದರಬೇಕಿಲ್ಲ.

ಬಿಸಿ ಆರುವ ಮುನ್ನ ತೊಳೆದ ಬೆರಳಿಂದ ಮೇಲ್ರೆಪ್ಪೆಯನ್ನು ಕೆಳಮುಖವಾಗಿ, ಕೆಳರೆಪ್ಪೆಯನ್ನು ಮೇಲ್ಮುಖವಾಗಿ, ಅಂಚಿನ ಕಡೆಗೆ ಐದಾರು ಸಲ ಮೆಲ್ಲಗೆ ನೀವುತ್ತೇನೆ. ಅಡ್ಡಡ್ಡ ಉಜ್ಜಿದರೆ ಪ್ರಯೋಜನವಿಲ್ಲ, ಗ್ರಂಥಿಗಳು ಉದ್ದಕ್ಕೆ ನಿಂತಿರುತ್ತವೆ. ರೆಪ್ಪೆಗೂದಲ ಬುಡದ ಹೊಟ್ಟು, ಗೀಜನ್ನು ಒದ್ದೆ ಹತ್ತಿಯಿಂದ ಒರೆಸಿದರೆ ಮುಗಿಯಿತು. ಮೊದಲು ದಿನಕ್ಕೆರಡು ಸಲ, ಹಿಡಿತಕ್ಕೆ ಬಂದ ಮೇಲೆ ಒಂದು ಸಲ. ಫಲ ಕಾಣಲು ವಾರಗಳೇ ಬೇಕು. ನಾಲ್ಕು ದಿನಕ್ಕೆ ಬಿಟ್ಟವರಿಗೆ ಇದು ಕೆಲಸ ಮಾಡಿದಂತೆ ಕಾಣುವುದೇ ಇಲ್ಲ.

ಹಗಲಿಗೆ ಕೃತಕ ಕಣ್ಣೀರು, ಅಂದರೆ ಕಾರ್ಬಾಕ್ಸಿಮೀಥೈಲ್‌ಸೆಲ್ಯುಲೋಸ್ 0.5% ಹನಿ, ಮಲಗುವಾಗ ಜೆಲ್. ಒಂದು ಹನಿ ಸಾಕು, ಎರಡನೆಯದು ಕೆನ್ನೆಗೆ ಇಳಿಯುತ್ತದೆ. ಬೇರೆ ಹನಿಯೂ ಇದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಬೇಕು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದರೆ ಪ್ರಿಸರ್ವೇಟಿವ್ (ಹನಿ ಕೆಡದಂತೆ ಹಾಕುವ ರಾಸಾಯನಿಕ) ಇಲ್ಲದ್ದನ್ನೇ ಕೇಳಿ ತರಬೇಕು. ಅಂಥ ಪ್ರಿಸರ್ವೇಟಿವ್ ಆದ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಪದರಕ್ಕೇ ಏಟು. ಕೆಂಪು ಇಳಿಸುವ ಹನಿ ಬೇಡವೇ ಬೇಡ; ಅದು ರಕ್ತನಾಳವನ್ನು ಕುಗ್ಗಿಸುತ್ತದೆ ಅಷ್ಟೆ, ಬಿಟ್ಟೊಡನೆ ಕೆಂಪು ಮರಳುತ್ತದೆ. ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಹನಿಯನ್ನು ವೈದ್ಯರ ಕಣ್ಗಾವಲಿಲ್ಲದೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಜೇನು, ಹರಳೆಣ್ಣೆ, ಎದೆಹಾಲು, ಯಾವುದನ್ನೂ ಕಣ್ಣೊಳಗೆ ಬಿಡಬಾರದು, ಅವು ಕ್ರಿಮಿರಹಿತವಲ್ಲ.

ಪರದೆ ನೋಡುವಾಗ ರೆಪ್ಪೆ ಮಿಟುಕುವುದೂ ಕಡಿಮೆ, ಮಿಟುಕಿದರೂ ಅರ್ಧಕ್ಕೇ ನಿಲ್ಲುತ್ತದೆ. ಪೂರ್ತಿ ಮುಚ್ಚದಿದ್ದರೆ ಎಣ್ಣೆ ಸರಿಯಾಗಿ ಹೊರಬರುವುದಿಲ್ಲ. ಅದಕ್ಕೇ 20 ನಿಮಿಷಕ್ಕೊಮ್ಮೆ ಕಣ್ಣು ಮುಚ್ಚಿ ಎರಡು ಎಣಿಸಿ ತೆರೆಯುವುದು, ಹತ್ತು ಸಲ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿಟ್ಟಿದ್ದೇನೆ, ಆಗ ಕಣ್ಣು ಅಷ್ಟು ಅಗಲಕ್ಕೆ ತೆರೆದಿರುವುದಿಲ್ಲ. ಏಸಿ, ಫ್ಯಾನಿನ ಗಾಳಿ ಮುಖಕ್ಕೆ ನೇರ ಬೀಳಬಾರದು.

ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಕಣ್ಣು ಒಣಗಿಸುತ್ತವೆ, ವೈದ್ಯರಿಗೆ ಅದನ್ನೂ ಹೇಳಬೇಕು. ಕಣ್ಣಿನ ಜೊತೆ ಬಾಯಿಯೂ ಒಣಗಿ ಕೀಲುನೋವಿದ್ದರೆ ಶೋಗ್ರೆನ್ ಕಾಯಿಲೆಯ (ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗುವುದು) ರಕ್ತಪರೀಕ್ಷೆ ಕೇಳಬೇಕು. ತೀವ್ರ ನೋವು, ಬೆಳಕು ತಡೆಯಲಾಗದಿರುವುದು, ದೃಷ್ಟಿ ಇಳಿಯುವುದು ಕಂಡರೆ ಶಾಖ ಕೊಡುತ್ತಾ ಕೂರದೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.