ಕುದಿಸಬೇಕೋ, ನೆನೆಸಬೇಕೋ? ಮನೆಮದ್ದಿನ ಮೂಲಿಕೆಗಳನ್ನು ಬಳಸುವ ಕ್ರಮ

ತುಳಸಿಯನ್ನು ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸುವವರಿದ್ದಾರೆ. ಅಮೃತಬಳ್ಳಿಯ ಕಾಂಡವನ್ನು ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ ಕುಡಿಯುವವರೂ ಇದ್ದಾರೆ. ಎರಡೂ ತಪ್ಪು. ತುಳಸಿಯ ಗುಣ ಬಹುಪಾಲು ಅದರ ಘಮದ ಎಣ್ಣೆಯಲ್ಲಿದೆ. ಕುದಿಸಿದರೆ ಅದು ಆವಿಯ ಜೊತೆ ಹೊರಟುಹೋಗುತ್ತದೆ. ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಬಣ್ಣದ ನೀರು ಉಳಿಯುತ್ತದೆ. ಅಮೃತಬಳ್ಳಿಯ ಕಹಿ ಗಟ್ಟಿ ನಾರಿನೊಳಗೆ ಅಡಗಿದೆ. ಅದನ್ನು ಜಜ್ಜಿ, ಸಣ್ಣ ಉರಿಯಲ್ಲಿ ಬತ್ತಿಸದೆ ನೀರಿಗೆ ಇಳಿಯುವುದಿಲ್ಲ.

ಆದ್ದರಿಂದ ಯಾವ ಕಾಯಿಲೆಗೆ ಯಾವ ಗಿಡ ಎಂಬ ಪಟ್ಟಿ ಹಿಡಿಯುವ ಮೊದಲು, ಕೈಯಲ್ಲಿರುವುದು ಗಿಡದ ಯಾವ ಭಾಗ ಎಂದು ನೋಡಿಕೊಳ್ಳಿ. ಬೇರು, ತೊಗಟೆ, ಕಾಂಡ, ಗಟ್ಟಿ ಕಾಯಿಗಳನ್ನು ಕುದಿಸಬೇಕು. ಘಮವಿರುವ ಎಲೆ, ಹೂವುಗಳ ಮೇಲೆ ಬಿಸಿನೀರು ಸುರಿದು ಮುಚ್ಚಿಡಬೇಕು. ತಂಪಿಗಾಗಿ ಬಳಸುವ ಬೀಜಗಳನ್ನು ತಣ್ಣೀರಿನಲ್ಲಿ ನೆನೆಸಬೇಕು. ರಸ ತುಂಬಿದ ಹಸಿ ಎಲೆಯನ್ನು ಹಿಂಡಬೇಕು.

ಮೊದಲು ಗಿಡದ ಗುರುತು

ಒಂದೇ ಹೆಸರಿಗೆ ಎರಡು ಗಿಡ ಇರುವುದೇ ಮನೆಮದ್ದಿನ ದೊಡ್ಡ ಅಪಾಯ. ‘ಬ್ರಾಹ್ಮಿ’ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಒಂದೆಲಗದ್ದು ನೆಲದ ಮೇಲೆ ಹರಿಯುವ ಬಳ್ಳಿ. ಎಲೆ ಗುಂಡಗೆ, ಮೂತ್ರಪಿಂಡದ ಆಕಾರ, ಅಂಚು ಹಲ್ಲುಹಲ್ಲು. ನೀರುಬ್ರಾಹ್ಮಿಯ ಎಲೆ ಬೆರಳ ಉಗುರಿಗಿಂತ ದೊಡ್ಡದಾಗುವುದು ಅಪರೂಪ. ದಪ್ಪ, ನುಣುಪು, ಕಾಂಡದಲ್ಲಿ ಎದುರುಬದುರಾಗಿ ಜೋಡಿಯಾಗಿ ಬರುತ್ತದೆ. ಎರಡೂ ತೇವದ ಜಾಗದಲ್ಲಿ ಬೆಳೆಯುತ್ತವೆ. ಹಾಗೆಂದು ಚರಂಡಿ ಪಕ್ಕದ್ದನ್ನಾಗಲಿ ರಸ್ತೆ ಬದಿಯದನ್ನಾಗಲಿ ಕೀಳಬಾರದು. ಒಂದೆಲಗ ಮಣ್ಣಿನಲ್ಲಿರುವ ಭಾರಲೋಹಗಳನ್ನು ಹೀರಿಕೊಂಡು ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಕುಂಡದಲ್ಲಿ ಬೆಳೆಸಿಕೊಳ್ಳುವುದು ಸುಲಭ, ಅದೇ ಸರಿ.

ಅಮೃತಬಳ್ಳಿಯಲ್ಲೂ ಇದೇ ತೊಡಕು. ಅದರ ಜಾತಿಯದೇ ಇನ್ನೊಂದು ಬಳ್ಳಿಯಿದೆ, ಎಲೆ ಹೃದಯದ ಆಕಾರದ್ದೇ, ಆದರೆ ಕಾಂಡದ ತುಂಬ ನರೂಲಿಯಂಥ ಗಂಟುಗಳು ಎದ್ದಿರುತ್ತವೆ. ಕಾಂಡ ಸವರಿದಾಗ ಕೈಗೆ ಒತ್ತೊತ್ತಾಗಿ ಗಂಟು ಸಿಕ್ಕರೆ ಅದನ್ನು ಬಿಟ್ಟುಬಿಡಿ. ಅಸಲಿ ಅಮೃತಬಳ್ಳಿಯಾದರೂ ವರ್ಷಪೂರ್ತಿ ಕುಡಿಯುವ ಪದಾರ್ಥವಲ್ಲ. ಕೊರೊನಾ ಕಾಲದಲ್ಲಿ ವಾರಗಟ್ಟಲೆ ದಿನವೂ ಕುಡಿದ ಕೆಲವರಿಗೆ ಯಕೃತ್ತು ಬಾತು ಕಾಮಾಲೆ ಬಂದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಬೇರೆ ಬಳ್ಳಿಯ ಬೆರಕೆಯಿಂದ ಆಗಿರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಬಳಸುವವರು ಎರಡೂ ಎಚ್ಚರಿಕೆಗಳನ್ನು ಪಾಲಿಸುವುದು ಒಳ್ಳೆಯದು: ಗುರುತು ಖಚಿತವಿರಲಿ, ಬಳಕೆ ಒಂದೆರಡು ವಾರ ಮೀರದಿರಲಿ. ಯಕೃತ್ತಿನ ತೊಂದರೆ ಇರುವವರು, ದೇಹವೇ ದೇಹದ ಮೇಲೆ ತಿರುಗಿ ಬೀಳುವಂಥ ಕಾಯಿಲೆಗಳಿರುವವರು ಇದನ್ನು ಮುಟ್ಟಬಾರದು.

ಕಷಾಯ

ಶಾಸ್ತ್ರದ ಲೆಕ್ಕ ಸರಳ. ಒಂದು ಪಾಲು ಒಣ ಮೂಲಿಕೆಗೆ ಹದಿನಾರು ಪಾಲು ನೀರು. ಮನೆಯ ಅಳತೆಗೆ ತಂದರೆ 10 ಗ್ರಾಂ ಮೂಲಿಕೆ, 160 ಮಿ.ಲೀ. ನೀರು, ಕಾಲುಭಾಗಕ್ಕೆ, ಅಂದರೆ 40 ಮಿ.ಲೀ.ಗೆ ಇಳಿಸಿ ಸೋಸುವುದು. ಮೆದು ಮೂಲಿಕೆಯಾದರೆ ನಾಲ್ಕರಷ್ಟು ನೀರು, ನಡುವಿನದಕ್ಕೆ ಎಂಟರಷ್ಟು ಸಾಕು. ಹಸಿಯದು ಸಿಕ್ಕರೆ ಒಣದರ ಎರಡರಷ್ಟು ತೂಕ ಹಾಕುವುದು ವಾಡಿಕೆ. ಅಮೃತಬಳ್ಳಿ, ಆಡುಸೋಗೆಗಳು ಇದಕ್ಕೆ ಹೊರತು. ಅವನ್ನು ಹಸಿಯಾಗಿಯೇ ಬಳಸಬೇಕು, ದುಪ್ಪಟ್ಟು ಮಾಡಬೇಕಿಲ್ಲ.

ಕಷಾಯ ಕೆಡುವುದು ಹೆಚ್ಚಾಗಿ ಮೂರು ಕಡೆ. ಮೊದಲನೆಯದು ಪುಡಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಪುಡಿ ನೀರಿನಲ್ಲಿ ಗಂಜಿಯಾಗಿ ಉಕ್ಕುತ್ತದೆ, ತಳ ಹಿಡಿಯುತ್ತದೆ, ಸೋಸಲು ಬರುವುದಿಲ್ಲ. ಕಲ್ಲಿನಲ್ಲಿ ಜಜ್ಜಿ ತರಿತರಿ ಮಾಡಿದರೆ ಸಾಕು. ಗೋಧಿಕಾಳಿನಷ್ಟು ಚೂರುಗಳಾದರೆ ಸರಿ. ಎರಡನೆಯದು ಉರಿ. ದೊಡ್ಡ ಉರಿಯಲ್ಲಿ ನೀರು ಹತ್ತೇ ನಿಮಿಷಕ್ಕೆ ಬತ್ತುತ್ತದೆ, ಸಾರ ಮಾತ್ರ ಬೇರಿನೊಳಗೇ ಉಳಿಯುತ್ತದೆ. ಅರ್ಧ ಗಂಟೆ ಮೊದಲೇ ನೆನೆಸಿಟ್ಟು, ಸಣ್ಣಗೆ ಮಿಳಮಿಳ ಕುದಿಯುವ ಉರಿಯಲ್ಲಿ, ಮುಚ್ಚಳವಿಲ್ಲದೆ ಇಳಿಸಿ. ಮೂರನೆಯದು ಪಾತ್ರೆ. ಅಳಲೆ, ನೆಲ್ಲಿಯಂಥ ಒಗರು ಪದಾರ್ಥಗಳು ಕಬ್ಬಿಣ ತಗುಲಿದರೆ ಶಾಯಿಯಂತೆ ಕಪ್ಪಾಗುತ್ತವೆ; ಹುಳಿಯಿದ್ದದ್ದು ಅಲ್ಯೂಮಿನಿಯಮ್ ಅನ್ನೂ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯನ್ನೂ ತಿನ್ನುತ್ತದೆ. ಸ್ಟೀಲು ಅಥವಾ ಮಣ್ಣಿನ ಪಾತ್ರೆ ಇರಲಿ.

ಹಲವು ಮೂಲಿಕೆ ಸೇರಿಸುವಾಗ ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಶೀತ, ಗಂಟಲು ಕೆರೆತಕ್ಕೆ ದೊಡ್ಡವರಿಗೆ ಮಾಡುವ ಒಂದು ಕಷಾಯದಿಂದ ಇದನ್ನು ಕಲಿಯಬಹುದು. ಒಣಶುಂಠಿ 3 ಗ್ರಾಂ, ಅತಿಮಧುರ 3 ಗ್ರಾಂ, ಕಾಳುಮೆಣಸು ಹತ್ತು. ಜಜ್ಜಿ 200 ಮಿ.ಲೀ. ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ. ಒಲೆ ಆರಿಸಿದ ಮೇಲೆ ಕೈಯಲ್ಲೇ ಹರಿದ ಹತ್ತು ತುಳಸಿ ಎಲೆ ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ತಟ್ಟೆ ತೆಗೆಯುವಾಗ ಅದರ ಅಡಿಗೆ ಕಟ್ಟಿದ ಹನಿಗಳನ್ನು ಪಾತ್ರೆಗೇ ಕೊಡವಿ, ಘಮ ಇರುವುದು ಅದರಲ್ಲೇ. ಸೋಸಿ ಎರಡು ಸಲ ಕುಡಿಯಿರಿ. ಜೇನು ಬೇಕೆಂದರೆ ಕಷಾಯ ಉಗುರುಬೆಚ್ಚಗಾದ ಮೇಲೆ ಸೇರಿಸಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಲೂ ಬಾರದು. ಜೇನಿನಲ್ಲಿರಬಹುದಾದ ಬಾಟುಲಿಸಂ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸಬಲ್ಲವು.

ಮಾಡಿದ ಕಷಾಯ ಅಂದಂದಿಗೇ ಮುಗಿಯಬೇಕು. ಫ್ರಿಜ್ಜಿನಲ್ಲಿಟ್ಟು ಮೂರು ದಿನ ಕುಡಿಯುವ ಅಭ್ಯಾಸ ಬಿಡಿ.

ಈ ಪಾಕದಲ್ಲಿ ಅತಿಮಧುರದ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿಹಿಯಾಗಿರುವುದರಿಂದ ಜನ ಅದನ್ನು ನಿರಪಾಯ ಎಂದುಕೊಳ್ಳುತ್ತಾರೆ. ಅದರ ಸಿಹಿ ಗ್ಲಿಸರೈಜಿನ್‌ನಿಂದ ಬರುವಂಥದ್ದು. ದಿನವೂ ಸೇವಿಸಿದರೆ ಅದು ಮೈಯಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಮ್ ಇಳಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಬಸುರಿಯರು ಅದನ್ನು ಬಿಟ್ಟು ಉಳಿದದ್ದರಲ್ಲಿ ಮಾಡಿಕೊಳ್ಳಲಿ. ಉಳಿದವರಿಗೂ ಮೂರ್ನಾಲ್ಕು ದಿನ ಸಾಕು.

ಮುಚ್ಚಿಡುವುದು, ನೆನೆಸುವುದು

ತುಳಸಿ, ಪುದೀನ, ಮಜ್ಜಿಗೆಹುಲ್ಲಿನಂಥವನ್ನು ಕುದಿಸದೆ ಬಳಸುವ ವಿಧಾನಕ್ಕೆ ‘ಫಾಂಟ’ ಎಂದು ಹೆಸರು. ಒಂದು ಪಾಲು ಎಲೆಗೆ ನಾಲ್ಕು ಪಾಲು ಕುದಿನೀರು ಎಂಬುದು ಹಳೆಯ ಲೆಕ್ಕ, ಅದು ತೀರ ಗಾಢ. ದಿನಬಳಕೆಗೆ ಒಂದು ಲೋಟ ನೀರಿಗೆ ಒಂದು ಹಿಡಿ ಹಸಿ ಎಲೆ ಸಾಕು. ಮುಚ್ಚಿ ಎಂಟು ಹತ್ತು ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಒಗರು ಬಿಡುತ್ತದೆ, ಘಮ ಹೆಚ್ಚುವುದಿಲ್ಲ.

ತಣ್ಣೀರಿನಲ್ಲಿ ನೆನೆಸುವುದು ‘ಹಿಮ’. ಕೊತ್ತಂಬರಿ ಬೀಜ 10 ಗ್ರಾಂ ಜಜ್ಜಿ, 60 ಮಿ.ಲೀ. ನೀರಿನಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಕೈಯಿಂದ ಕಿವುಚಿ, ಸೋಸಿ, ಬೇಕಿದ್ದರೆ ಚೂರು ಕಲ್ಲುಸಕ್ಕರೆ ಹಾಕಿ ಕುಡಿಯಿರಿ. ಬಾಯಾರಿಕೆ, ಒಳ ಉರಿಗೆ ಹಿಂದಿನಿಂದ ಬಳಸುತ್ತ ಬಂದದ್ದು. ಉರಿಮೂತ್ರದ ಜೊತೆ ಜ್ವರ, ಸೊಂಟ ನೋವು, ರಕ್ತ ಕಂಡರೆ ಮಾತ್ರ ಇದನ್ನು ನಂಬಿ ಕೂರಬಾರದು. ಅದು ಸೋಂಕು.

ರಸ

ಎಲ್ಲ ಎಲೆಯೂ ಅರೆದ ಕೂಡಲೆ ರಸ ಬಿಡುವುದಿಲ್ಲ. ಆಡುಸೋಗೆಯನ್ನು ಹಸಿಯಾಗಿ ಎಷ್ಟು ಹಿಂಡಿದರೂ ನಾಲ್ಕು ಹನಿ ಬಂದರೆ ಹೆಚ್ಚು. ಐದಾರು ಎಲೆಯನ್ನು ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗೆ ಬಾಡಿಸಿ, ಆರಿದ ಮೇಲೆ ಜಜ್ಜಿ, ತೆಳು ಬಟ್ಟೆಯಲ್ಲಿ ಹಿಂಡಿದರೆ ಕಪ್ಪು ಹಸಿರಿನ ಕಹಿ ರಸ ಧಾರಾಳ ಇಳಿಯುತ್ತದೆ. ಕಫ ಗಟ್ಟಿಯಾಗಿ ಕಟ್ಟಿದ ಕೆಮ್ಮಿಗೆ ದೊಡ್ಡವರು 10 ಮಿ.ಲೀ. ರಸವನ್ನು ಒಂದು ಚಮಚ ಜೇನಿನಲ್ಲಿ ದಿನಕ್ಕೆರಡು ಸಲ, ಮೂರು ನಾಲ್ಕು ದಿನ ತೆಗೆದುಕೊಳ್ಳುವುದುಂಟು. ಕಫ ಕರಗಿಸಲು ಇಂದು ಮಾತ್ರೆಯಾಗಿ ಸಿಗುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಈ ಎಲೆಯ ವ್ಯಾಸಿಸಿನ್ ಎಂಬ ಅಂಶದ ಬೆನ್ನು ಹಿಡಿದು. ಆ ವ್ಯಾಸಿಸಿನ್ನೇ ಗರ್ಭಕೋಶವನ್ನು ಹಿಂಡುವ ಗುಣ ಉಳ್ಳದ್ದು; ಬಸುರಿಯರಿಗೆ ಆಡುಸೋಗೆ ಪೂರ್ತಿ ನಿಷಿದ್ಧ.

ದೊಡ್ಡಪತ್ರೆ ಇದಕ್ಕಿಂತ ಸುಲಭ. ಎಲೆಯನ್ನು ಬಿಸಿ ಕಾವಲಿಯ ಮೇಲೆ ಎರಡೂ ಕಡೆ ಮೆತ್ತಗಾಗುವಷ್ಟು ಬಾಡಿಸಿ ಅಂಗೈಯಲ್ಲಿ ಹಿಂಡಿದರೆ ಸಾಕು. ಎಲೆ ಕಂದು ಬಣ್ಣಕ್ಕೆ ತಿರುಗಿದರೆ ಬಿಸಿ ಹೆಚ್ಚಾಯಿತೆಂದು ಅರ್ಥ. ಹಸಿಶುಂಠಿಯ ರಸವನ್ನು ಹಿಂಡಿದ ಕೂಡಲೆ ಕುಡಿಯದೆ ಹತ್ತು ನಿಮಿಷ ಅಲುಗಿಸದೆ ಇಡಿ; ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದು ಪಿಷ್ಟ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ರಸ ಹಗುರಾಗಿರುತ್ತದೆ.

ಪುಡಿ

ತ್ರಿಫಲ ಮನೆಯಲ್ಲೇ ಮಾಡಿಕೊಳ್ಳುವಂಥದ್ದು. ಒಣಗಿದ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಜಜ್ಜಿ ಬೀಜ ತೆಗೆದು, ಆ ಮೇಲೆ ಸಮತೂಕ ಹಾಕಬೇಕು. ಬೀಜ ಸಮೇತ ತೂಗಿದರೆ ಲೆಕ್ಕ ತಪ್ಪುತ್ತದೆ, ಮೂರರ ಬೀಜದ ತೂಕ ಒಂದೇ ಅಲ್ಲ. ಮಲಬದ್ಧತೆಗೆ ಮಲಗುವಾಗ ಉಗುರುಬೆಚ್ಚನೆಯ ನೀರಿನಲ್ಲಿ 3 ಗ್ರಾಂನಿಂದ ಶುರುಮಾಡಿ, 5 ದಾಟಬೇಡಿ. ಹೊಟ್ಟೆ ನುಲಿದರೆ, ಸಡಿಲವಾದರೆ ಅರ್ಧಕ್ಕೆ ಇಳಿಸಿ. ಬಸುರಿಯರಿಗೆ, ಭೇದಿ ಇರುವವರಿಗೆ ಬೇಡ.

ಅರಿಶಿಣವನ್ನು ಕೊಂಬಿನಲ್ಲೇ ಕೊಂಡು ಪುಡಿ ಮಾಡಿಕೊಳ್ಳಿ. ಹೊಳೆಯುವ ಹಳದಿಗಾಗಿ ಪುಡಿಗೆ ಸೀಸದ ಕ್ರೋಮೇಟ್ ಬೆರೆಸುವುದುಂಟು. ಅರಿಶಿಣದ ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಲು, ತುಪ್ಪದ ಜೊತೆ ಕೊಡುವ ರೂಢಿಗೆ ಅರ್ಥವಿದೆ. ಚಿಟಿಕೆ ಕಾಳುಮೆಣಸು ಸೇರಿಸುವುದಕ್ಕೂ ಅರ್ಥವಿದೆ: ಮೆಣಸಿನ ಪೈಪರಿನ್ ಜೊತೆಗಿದ್ದರೆ ಮನುಷ್ಯರ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಪೈಪರಿನ್ ಹೀಗೆ ಒಳಬಿಡುವುದು ಅರಿಶಿಣವನ್ನೊಂದೇ ಅಲ್ಲ, ಕೆಲವು ಮಾತ್ರೆಗಳ ಅಂಶವೂ ರಕ್ತದಲ್ಲಿ ಏರುತ್ತದೆ. ನಿತ್ಯ ಮಾತ್ರೆ ನುಂಗುವವರು ಅಡುಗೆಯ ಅಳತೆ ಮೀರಬಾರದು.

ಮೈಮೇಲೆ ಹಚ್ಚುವುದು

ತಲೆ ಭಾರಕ್ಕೆ ಒಣಶುಂಠಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಹಣೆಗೆ ಹಚ್ಚುವಾಗ, ಲೇಪ ಒಣಗಿ ಬಿರಿಯುವ ಮೊದಲೇ ತೊಳೆದುಬಿಡಬೇಕು. ಒಣಗಿದ್ದು ಚರ್ಮವನ್ನು ಎಳೆದು ಉರಿಸುತ್ತದೆ. ಹೊಸದನ್ನು ಹಚ್ಚುವ ಮುಂಚೆ ಮುಂಗೈಯ ಒಳಭಾಗಕ್ಕೆ ಹಚ್ಚಿ ಅರ್ಧ ಗಂಟೆ ನೋಡಿ.

ಲೋಳೆಸರದ ಎಲೆ ಕೊಯ್ದ ಕೂಡಲೆ ಲೋಳೆ ತೆಗೆಯಬೇಡಿ. ಕೊಯ್ದ ತುದಿ ಕೆಳಗಾಗುವಂತೆ ಕಾಲು ಗಂಟೆ ನಿಲ್ಲಿಸಿ. ಹಳದಿ ಹಾಲು ಸೋರಿಹೋಗುತ್ತದೆ. ಅದು ಚರ್ಮಕ್ಕೆ ತುರಿಕೆ, ಹೊಟ್ಟೆಗೆ ಹೋದರೆ ಭೇದಿ. ಆಮೇಲೆ ಸಿಪ್ಪೆ ಹೆರೆದು, ತಿಳಿ ಲೋಳೆಯನ್ನು ತೊಳೆದು ಬಳಸಿ. ಸುಟ್ಟ ಜಾಗಕ್ಕೆ ಮೊದಲ ಮದ್ದು ಹರಿಯುವ ತಣ್ಣೀರು, ಪೂರ್ತಿ ಇಪ್ಪತ್ತು ನಿಮಿಷ. ಲೋಳೆ ಅದರ ನಂತರ, ಅದೂ ಬೊಬ್ಬೆ ಏಳದ ಸಣ್ಣ ಸುಟ್ಟಗಾಯಕ್ಕಷ್ಟೇ. ತೆರೆದ ಗಾಯಕ್ಕೆ ಅಡುಗೆಮನೆಯ ಅರಿಶಿಣ ಮೆತ್ತಬೇಡಿ. ಡಬ್ಬಿಯ ಪುಡಿ ಶುದ್ಧವಲ್ಲ, ವೈದ್ಯರಿಗೆ ಗಾಯದ ಆಳವೂ ಕಾಣುವುದಿಲ್ಲ.

ಒಣಗಿಸಿ ಇಡುವುದು

ಎಲೆಯನ್ನು ಬಿಸಿಲಿಗೆ ಹಾಕಿದರೆ ಬಣ್ಣ, ಘಮ ಎರಡೂ ಹೋಗುತ್ತವೆ. ಗಾಳಿಯಾಡುವ ನೆರಳಿನಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಮುಟ್ಟಿದರೆ ಪುಡಿಯಾಗುವವರೆಗೆ ಬಿಡಿ. ಬೇರನ್ನು ಹಸಿಯಿರುವಾಗಲೇ ಹೆಚ್ಚಿ ಒಣಗಿಸಿ. ಬಾಗದೆ ‘ಪಟ್’ ಎಂದು ಮುರಿದರೆ ಒಣಗಿದೆ. ಒಳಗೆ ಚೂರು ತೇವ ಉಳಿದರೂ ಡಬ್ಬಿಯಲ್ಲಿ ಬೂಷ್ಟು ಬರುತ್ತದೆ. ಬೂಷ್ಟು ಬಂದದ್ದನ್ನು ಮತ್ತೆ ಒಣಗಿಸಿ ಬಳಸಲೇಬಾರದು, ಅದರ ವಿಷ ಬಿಸಿಲಿಗೆ ಹೋಗುವುದಿಲ್ಲ. ಇಡಿಯಾಗಿಟ್ಟರೆ ವರ್ಷ ಬಾಳುವುದು ಪುಡಿಯಾದ ಮೇಲೆ ಎರಡು ಮೂರು ತಿಂಗಳಲ್ಲಿ ಸಪ್ಪೆಯಾಗುತ್ತದೆ. ಗಾಜಿನ ಡಬ್ಬಿಗೆ ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿ. ಹೆಸರಿಲ್ಲದ ಪುಡಿಯನ್ನು ಮೂಸಿ ಊಹಿಸಿ ಯಾರಿಗೂ ಕೊಡಬೇಡಿ.

ಯಾರಿಗೆ ಬೇಡ, ಯಾವಾಗ ನಿಲ್ಲಿಸಬೇಕು

ಹಸುಗೂಸುಗಳಿಗೆ ಬಜೆ ತೇಯ್ದು ನೆಕ್ಕಿಸುವ ಅಭ್ಯಾಸ ಇನ್ನೂ ಇದೆ. ಬಜೆಯಲ್ಲಿರುವ ಬೀಟಾ-ಅಸರೋನ್ ಇಲಿಗಳಲ್ಲಿ ಗೆಡ್ಡೆ ತಂದದ್ದರಿಂದ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿತು. ಬೇವಿನೆಣ್ಣೆಯ ಒಂದೆರಡು ಚಮಚ ಹೊಟ್ಟೆಗೆ ಹೋಗಿ ಮಕ್ಕಳು ಅಪಸ್ಮಾರಕ್ಕೆ, ಸಾವಿಗೆ ಈಡಾದ ದಾಖಲೆಗಳಿವೆ. ಎಳೆಯ ಮಕ್ಕಳಿಗೆ ಇವೆರಡನ್ನೂ ಬಾಯಿಗೆ ಕೊಡಬೇಡಿ.

ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮೆಂತ್ಯ, ಅಮೃತಬಳ್ಳಿಯನ್ನು ಮದ್ದಿನ ಪ್ರಮಾಣದಲ್ಲಿ ಸೇರಿಸಿದರೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ಶುಂಠಿ, ಬೆಳ್ಳುಳ್ಳಿ, ಅರಿಶಿಣದ ದೊಡ್ಡ ಪ್ರಮಾಣ ಬೇಡ. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ಇವೆಲ್ಲವನ್ನೂ ನಿಲ್ಲಿಸಿ.

ಹೊಸ ಮೂಲಿಕೆಯನ್ನು ಒಂದು ಸಲಕ್ಕೆ ಒಂದೇ ಶುರುಮಾಡಿ, ಅದೂ ಹೇಳಿದ ಅಳತೆಯ ಅರ್ಧದಿಂದ. ನಾಲ್ಕು ಒಟ್ಟಿಗೆ ಕುಡಿದು ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೂರು ದಿನ ದಾಟಿದ ಜ್ವರ, ಉಸಿರಿಗೆ ಕಷ್ಟ, ಕಫದಲ್ಲಿ ಅಥವಾ ಮಲದಲ್ಲಿ ರಕ್ತ, ಹಳದಿಯಾದ ಕಣ್ಣು, ಕಡುಹಳದಿ ಮೂತ್ರ ಕಂಡರೆ ಕಷಾಯ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಹೋಗುವಾಗ ಏನೇನು, ಎಷ್ಟು ದಿನ ಕುಡಿದಿರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ, ಗಿಡದ ಒಂದು ಕಡ್ಡಿಯನ್ನೂ ಎಲೆ ಸಮೇತ ಜೊತೆಗೆ ಒಯ್ಯಿರಿ.