ಕಥೆ ಮರೆತ ಜಾನ್‌ಗೆ ಒಂದು ಕಥೆ

ಪೀಟರ್ ಪ್ಯಾನ್ ಅಂದರೆ ಎಂದೂ ದೊಡ್ಡವನಾಗದ ಹುಡುಗ; ವೆಂಡಿಯನ್ನೂ ಅವಳ ತಮ್ಮಂದಿರಾದ ಜಾನ್, ಮೈಕಲ್‌ರನ್ನೂ ನೆವರ್‌ಲ್ಯಾಂಡ್ ಎಂಬ ದ್ವೀಪಕ್ಕೆ ಹಾರಿಸಿಕೊಂಡು ಹೋಗುವವನು. ಅವನ ಕಥೆಯನ್ನು ಮುಂದುವರಿಸಬೇಕು ಅಂತ ಕೂತಾಗ ಮೊದಲು ನನಗೆ ಹೊಳೆದದ್ದು ಅವನ ಶತ್ರು, ಕಡಲುಗಳ್ಳ ಕ್ಯಾಪ್ಟನ್ ಹುಕ್‌ಗೆ ಒಬ್ಬ ತಮ್ಮ. ಅಣ್ಣನ ಸೇಡು ತೀರಿಸಿಕೊಳ್ಳಲು ಅವನು ಬರುತ್ತಾನೆ. ಮತ್ತೆ ಹಡಗು, ಮತ್ತೆ ಕತ್ತಿವರಸೆ. ನಲವತ್ತು ಪುಟ ಬರೆದು ಓದಿದೆ. ಮೂಲದಲ್ಲಿ ನಡೆದಿದ್ದೇ ಇನ್ನೊಂದು ಸಲ ನಡೆದಿತ್ತು. ಎತ್ತಿಟ್ಟುಬಿಟ್ಟೆ.

ಆಮೇಲೆ ಪೆನ್ಸಿಲ್ ಹಿಡಿದು 1911ರ ಕಾದಂಬರಿಯನ್ನು ಮತ್ತೆ ಓದಿದೆ. ಜೆ. ಎಂ. ಬ್ಯಾರಿ ತಮ್ಮ 1904ರ ನಾಟಕವನ್ನೇ ಬೆಳೆಸಿ ಬರೆದ ಪುಸ್ತಕ ಅದು. ಕೊನೆಯ ಅಧ್ಯಾಯದಲ್ಲಿ ಎಲ್ಲರೂ ದೊಡ್ಡವರಾಗುತ್ತಾರೆ. ದ್ವೀಪದಿಂದ ಇವರ ಜೊತೆ ಬಂದ ಹುಡುಗ ಟೂಟಲ್ಸ್ ಈಗ ನ್ಯಾಯಾಧೀಶ. ಮೈಕಲ್ ರೈಲಿನ ಎಂಜಿನ್ ಓಡಿಸುತ್ತಾನೆ. ಇವರ ನಡುವೆ ಗಡ್ಡ ಬಿಟ್ಟ ಒಬ್ಬನಿದ್ದಾನೆ, ಮಕ್ಕಳಿಗೆ ಹೇಳಲು ಅವನಿಗೆ ಒಂದು ಕಥೆಯೂ ಗೊತ್ತಿಲ್ಲ. ಅವನೇ ಒಂದು ಕಾಲದ ಜಾನ್.

ಆ ಒಂದು ಸಾಲನ್ನು ಎಷ್ಟೋ ಸಲ ಓದಿದ್ದೆ, ನಿಂತು ನೋಡಿರಲಿಲ್ಲ. ನೆವರ್‌ಲ್ಯಾಂಡಿಗೆ ಹಾರಿ ಹೋಗಿ ಬಂದವನಿಗೆ ಒಂದೂ ಕಥೆ ಬರಲ್ವಾ? ಹುಡುಕಿದರೆ ಪುಸ್ತಕದಲ್ಲೇ ಸುಳಿವಿತ್ತು. ದ್ವೀಪದಲ್ಲಿದ್ದಾಗ ಅವನು ಅಪ್ಪ ಅಮ್ಮನನ್ನೇ ಮರೆಯತೊಡಗುತ್ತಾನೆ. ಮರೆಯಬಾರದು ಅಂತ ವೆಂಡಿ ಪರೀಕ್ಷೆ ಇಡುತ್ತಾಳೆ: ಅಮ್ಮನ ಕಣ್ಣಿನ ಬಣ್ಣ ಯಾವುದು? ಗೊತ್ತಿಲ್ಲದವರು ಅಡ್ಡಗುರುತು ಹಾಕಬೇಕು. ಜಾನ್ ಕೂಡ ಬೇಕಾದಷ್ಟು ಗುರುತು ಹಾಕುತ್ತಾನೆ. ಪಾಪ, ಅಲ್ಲಿ ಮನೆಯನ್ನು ಮರೆತ ಹುಡುಗ ಇಲ್ಲಿ ದ್ವೀಪವನ್ನು ಮರೆತ. ನನಗೆ ಅಳು ಬಂತು. ಬರೆಯಬೇಕಾದ ಕಥೆ ಇದೇ ಅನ್ನಿಸಿತು.

ಆದರೆ ಅವನಿಗೆ ನೆನಪಾಗುವುದು ಹೇಗೆ? ಅದಕ್ಕೆ ಟೋಪಿ ಸಿಕ್ಕಿತು. ವೆಂಡಿಗೆ ಪುಟ್ಟ ಮನೆ ಕಟ್ಟುವಾಗ ಪೀಟರ್ ಜಾನ್‌ನ ಟೋಪಿ ಕಿತ್ತುಕೊಂಡು, ತಳ ಒಡೆದು, ಚಾವಣಿಯ ಮೇಲೆ ಹೊಗೆಗೂಡಾಗಿ ಇಡುತ್ತಾನೆ. ಆ ಮನೆ ಅಲ್ಲೇ ಉಳಿಯುತ್ತದೆ. ಮುಂದೆ ವೆಂಡಿಯ ಮಗಳು ಜೇನ್ ವಸಂತದ ಮನೆ ಶುಚಿಗೆ ಅಂತ ಪೀಟರ್ ಜೊತೆ ಹೋಗುತ್ತಾಳೆ. ಹಾಗಾದರೆ ಅವಳು ಸೋದರಮಾವನ ಟೋಪಿ ತರಬಹುದು, ಅಲ್ವಾ? ಬ್ಯಾರಿ ಹಾಕಿದ ಒಂದು ನಿಯಮವನ್ನೂ ಮುರಿಯಬೇಕಾಗಲಿಲ್ಲ. ಈ ಖುಷಿಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಹಕ್ಕಿನ ವಿಷಯವನ್ನೂ ಓದಿಕೊಂಡೆ. 1929ರಲ್ಲಿ ಬ್ಯಾರಿ ಪೀಟರ್ ಪ್ಯಾನ್ ಹಕ್ಕುಗಳನ್ನು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಕೊಟ್ಟರು. ಅವರು ತೀರಿಕೊಂಡು 50 ವರ್ಷವಾದ ಮೇಲೆ, 1987ರ ಕೊನೆಗೆ, ಬ್ರಿಟನ್ನಿನಲ್ಲಿ ಹಕ್ಕಿನ ಅವಧಿ ಮುಗಿಯಿತು. ಆದರೂ ಆಸ್ಪತ್ರೆಗೆ ಅಲ್ಲಿ ಗೌರವಧನ ಬರುತ್ತಲೇ ಇರಬೇಕು ಅಂತ 1988ರಲ್ಲಿ ಕಾನೂನೇ ಆಯಿತು. ಆಸ್ಪತ್ರೆ ಒಪ್ಪಿದ ಅಧಿಕೃತ ಉತ್ತರಕಥೆ 2006ರಲ್ಲಿ ಬಂತು. ನನ್ನದು ಮುಗಿಯುವ ತನಕ ಅದನ್ನು ಬೇಕಂತಲೇ ಓದಲಿಲ್ಲ.

ಜಾಸ್ತಿ ಕಷ್ಟ ಕೊಟ್ಟದ್ದು ದನಿ. ಬ್ಯಾರಿಯವರ ಹಾಗೆ ಓದುಗರನ್ನು ಮಾತಾಡಿಸುತ್ತಾ ಬರೆಯಲು ಹೋದೆ. ಅವರ ಅಂಗಿ ನನಗೆ ದೊಡ್ಡದಾಯಿತು. ಕೊನೆಗೆ ಜಾನ್‌ನ ಚಿಕ್ಕ ಮಗನ ಬಾಯಲ್ಲಿ ಕಥೆ ಹೇಳಿಸಿದೆ. ಅವನಿಗೆ ಗೊತ್ತಿರುವಷ್ಟೇ ನನಗೂ ಗೊತ್ತು ಅಂತ ಇಟ್ಟುಕೊಂಡ ಮೇಲೆ ವಾಕ್ಯಗಳು ತಾವಾಗಿ ಚಿಕ್ಕದಾದವು.

ಕೊನೆಯ ದೃಶ್ಯವನ್ನು ಐದು ಸಲ ಬದಲಾಯಿಸಿದೆ. ಮೊದಲು ಜಾನ್‌ಗೆ ಎಲ್ಲವೂ ನೆನಪಾಗಿ ಇಡೀ ರಾತ್ರಿ ಕಥೆ ಹೇಳುತ್ತಿದ್ದ. ಅದು ಸುಳ್ಳು ಅನ್ನಿಸಿತು. ಈಗ ಅವನು ತಳವಿಲ್ಲದ ಟೋಪಿಯನ್ನು ತಿರುಗಿಸಿ ನೋಡುತ್ತಾನೆ. ಬೆರಳಿಗೆ ಮಸಿ ಹತ್ತುತ್ತದೆ. "ಒಂದು ಟೋಪಿ ಇತ್ತು" ಅನ್ನುತ್ತಾನೆ. ಮುಂದೆ ಮಾತು ಬರುವುದಿಲ್ಲ. "ಆಮೇಲೆ ಅದನ್ನ ಯಾರೋ ಕಿತ್ಕೊಂಡ್ರು, ಅಲ್ವಾ ಅಪ್ಪಾ?" ಅನ್ನುತ್ತಾನೆ ಮಗ.